ಬೇಲಿಯ ಪರಾಗ

ಪೊಟ್ಟಣ ಬಿಚ್ಚಿದವನು ಸಹಾಯಕ, ಸೀನಿದವನೂ ಅವನೇ. ಪರಾಗದ ಕೆಲಸಕ್ಕೆ ಸೇರಿದ ಈ ಪುಣ್ಯಾತ್ಮನಿಗೆ ಪರಾಗವೇ ಆಗಿಬರುತ್ತಿರಲಿಲ್ಲ. ಮುಖ್ಯಸ್ಥರು ವರ್ಷದಿಂದ ಜೋಪಾನ ಮಾಡಿದ್ದ ಪುಡಿಯೆಲ್ಲ ಪ್ರಯೋಗಾಲಯದ ಗಾಳಿಗೆ ಸೇರಿತು.

ಪರಾಗದ ಕಣಕ್ಕೆ ಆಮ್ಲದಲ್ಲಿ ಕುದಿಸಿದರೂ ಕರಗದ ಗೋಡೆಯಿರುತ್ತದೆ. ಆ ಗೋಡೆಯ ರಸಾಯನವನ್ನು ಯಂತ್ರವೊಂದು ಏರಿಳಿತದ ಗೆರೆಯಾಗಿ ಬರೆದುಕೊಡುತ್ತದೆ; ಗೆರೆ ನೋಡಿ ಗಿಡದ ಕುಲ ಹೇಳಬಹುದು. ಈ ಪೊಟ್ಟಣದ ಗೆರೆ ಲೋಕದ ಯಾವ ಗಿಡಕ್ಕೂ ಹೊಂದುವುದಿಲ್ಲವೆಂದು ಸಾರಿ, ಮುಖ್ಯಸ್ಥರು ಹೊಸ ಕುಲ ಹುಟ್ಟಿಸಿ ಅದಕ್ಕೆ ತಮ್ಮ ಹೆಸರನ್ನೇ ಇಟ್ಟಿದ್ದರು. ಗಿಡವನ್ನು ಮಾತ್ರ ಕಂಡಿರಲಿಲ್ಲ. ಬೆಟ್ಟ ಹತ್ತುವುದು ದೊಡ್ಡವರ ಕೆಲಸವೇ? ಅಲ್ಲಿಂದ ಪರಾಗ ತರಲು ಮಾಲಿಯನ್ನು ಕಳಿಸಿದ್ದರು.

ಅಂದು ಹನ್ನೊಂದು ಗಂಟೆಗೆ ಪರೀಕ್ಷಕರ ಎದುರು ಅದೇ ಗೆರೆ ಮತ್ತೆ ಬರಬೇಕು. ಬಂದರೆ ಆರು ವರ್ಷದಿಂದ ತಾತ್ಕಾಲಿಕವಾಗಿರುವ ಸಹಾಯಕನ ಕೆಲಸ ಕಾಯಂ. ಇಲ್ಲದಿದ್ದರೆ ಮನೆ ದಾರಿ.

"ನೆಲ ಗುಡಿಸಿ ತುಂಬ್ಸಪ್ಪ," ಎಂದಳು ಬಾಗಿಲಲ್ಲಿ ಇಣುಕಿದ ಟೈಪಿಸ್ಟ್ ಅಕ್ಕ. ಗುಡಿಸಿದ. ಕೂದಲು ಮತ್ತು ಒಂದು ಸತ್ತ ನೊಣ ಸಿಕ್ಕವು.

"ಜ್ವರ ಅಂತ ಮಲಗಿಬಿಡು ಮಾರಾಯ," ಎಂದ ಗುಮಾಸ್ತ. ಹಾಗೆಂದವನೇ ನೆಟ್ಟಗೆ ಮುಖ್ಯಸ್ಥರ ಕೋಣೆಗೆ ಹೋಗಿ, "ನಿಮ್ಮವನು ಯಾಕೋ ತುಂಬಾ ಸೀನ್ತಿದಾನೆ ಸಾರ್," ಎಂದು ಚಾಡಿ ಹೇಳಿದ.

ಮುಖ್ಯಸ್ಥರ ಬೂಟಿನ ಸದ್ದು ಹತ್ತಿರವಾಯಿತು. ದಿಕ್ಕು ತೋಚದ ಸಹಾಯಕ ಕಿಟಕಿಯಿಂದ ಕೈ ಚಾಚಿ, ಬೇಲಿಯ ಹಳದಿ ಹೂಗಳನ್ನು ಪೊಟ್ಟಣಕ್ಕೆ ಕೊಡವಿಕೊಂಡ.

ಹನ್ನೊಂದಕ್ಕೆ ಪರೀಕ್ಷಕರು ಬಂದು ಕೂತರು, ಯಂತ್ರ ಗುರುಗುಟ್ಟಿತು. ಅವನು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹೊಸ ಗೆರೆ ಹಳೆಯ ಗೆರೆಯ ಮೇಲೆ ಕೂದಲೆಳೆಯಷ್ಟೂ ಆಚೀಚೆಯಾಗದೆ ಕೂತಿತ್ತು. ಲೋಕದ ಗಿಡಗಳನ್ನೆಲ್ಲ ಹೋಲಿಸಿದ ಮಹಾನುಭಾವರು ಕಿಟಕಿಯಾಚೆಯ ಬೇಲಿಯೊಂದನ್ನು ಬಿಟ್ಟಿದ್ದರು.

"ಗಿಡ ಎಲ್ಲಿ? ನೋಡ್ಬೇಕಲ್ಲ," ಎಂದರು ಹಿರಿಯ ಪರೀಕ್ಷಕರು.

ಮುಖ್ಯಸ್ಥರ ಮುಖ ಇಂಗು ತಿಂದ ಮಂಗನಂತಾಯಿತು. ಸಹಾಯಕ ಉಪಕಾರವೆಂದುಕೊಂಡು ಕಿಟಕಿ ತೋರಿಸಿದ. "ಅಲ್ಲೇ ಇದೆ ಸಾರ್."

"ಹೌದೌದು, ನಾನೇ ನೆಡ್ಸಿದ್ದು," ಎಂದರು ಮುಖ್ಯಸ್ಥರು, ನಾಚಿಕೆಯ ಲವಲೇಶವೂ ಇಲ್ಲದೆ.

"ಇಂಥ ಅಪರೂಪದ್ದನ್ನ ಹೀಗೆ ಬಯಲಲ್ಲಿ ಬಿಡೋದಾ? ಕಾವಲಿಗೆ ಒಬ್ಬನ್ನ ಹಾಕಿ."

"ಇವನಿದಾನಲ್ಲ ಸಾರ್. ಗಿಡ ಅಂದ್ರೆ ಪ್ರಾಣ ಇವನಿಗೆ."

ಸಂಜೆಯೊಳಗೆ ಆದೇಶ ಕೈಸೇರಿತು. ಕೆಲಸ ಕಾಯಂ, ಹುದ್ದೆ ಬೇಲಿ ಕಾವಲುಗಾರ. ಹೂಗಳ ನಡುವೆ ಸ್ಟೂಲು ಹಾಕಿ ಕೂತವನ ಬಳಿಗೆ ಮಾಲಿ ಬಂದು ಪಿಸುಗುಟ್ಟಿದ:

"ಆ ಬೆಟ್ಟ ಯಾರು ಹತ್ತುತಾರೆ ತಮ್ಮಾ? ಹೋದ್ವರ್ಷ ನಾನೂ ಇಲ್ಲಿಂದ್ಲೇ ಕೊಡವಿದ್ದು. ನೀನೇನೂ ಯೋಚ್ನೆ ಮಾಡ್ಬೇಡ, ಇದು ವರ್ಷವಿಡೀ ಹೂ ಬಿಡತ್ತೆ."

ಬಯ್ಯಲೆಂದು ಸಹಾಯಕ ಬಾಯಿ ತೆರೆದ. ಸೀನು ಬಂತು.