ಹದಿನಾರನೆಯ ಸ್ಟಡ್

ನವನೀತನ್ ಶಪಥ ಮಾಡಿಬಿಟ್ಟ: ತನ್ನ ಕಾರಿನ ಚಕ್ರದ ಮೇಲೆ ಇನ್ನು ಯಾವ ಮೆಕ್ಯಾನಿಕ್ಕಿನ ನೆರಳೂ ಬೀಳಕೂಡದು! ನೇಕಾರರ ಮನೆಯ ಮೊಟ್ಟಮೊದಲ ಇಂಜಿನಿಯರ್ ತಾನು, ಹದಿನಾರು ಸ್ಟಡ್ ಹಾಕಲಾರನೆ?

ಭಾನುವಾರ ರೇಸ್ ಟ್ರ್ಯಾಕಿನಲ್ಲಿ ಅವನ ಮೊದಲ ಓಟ. ಅಗಲವಾದ ಹೊಸ ಚಕ್ರಗಳಿಗೆ, ಅವನ್ನು ಕಾರಿಗೆ ಬಿಗಿಯುವ ಬೋಲ್ಟಿನಂಥ ಹಳೆಯ ಗಿಡ್ಡ ಸ್ಟಡ್‌ಗಳು ಎಟಕವು. ಉದ್ದನೆಯ ರೇಸಿಂಗ್ ಸ್ಟಡ್‌ಗಳೇ ಬೇಕು. ಚಕ್ರಕ್ಕೆ ನಾಲ್ಕು. ಒಂದು ಕಡಿಮೆಯಾದರೂ ತಪಾಸಣೆಯವರು ಕಾರನ್ನು ಒಳಗೆ ಬಿಡುವುದಿಲ್ಲ.

ಪಕ್ಕದ ಬೀದಿಯ ಮೆಕ್ಯಾನಿಕ್ ಧನಪಾಲ್ ಬಂದು ಒಂದು ಸ್ಟಡ್ಡನ್ನು ಅಂಗೈಯಲ್ಲಿ ತೂಗಿ ನೋಡಿದ.

"ಶೆಡ್ಡಿಗೆ ತನ್ನಿ ಅಣ್ಣಾ, ಪ್ರೆಸ್ಸಲ್ಲಿ ಒತ್ತಿಬಿಡೋಣ. ನಟ್ಟು ಬಿಗಿಯೋ ಇಂಪ್ಯಾಕ್ಟ್ ಗನ್ ಮಾತ್ರ ಬೇಡ, ಥ್ರೆಡ್ ಹಾಳಾಗುತ್ತೆ."

ಕೇಳದೇ ಕೊಟ್ಟ ಸಲಹೆ! ಇದರಲ್ಲಿ ಏನೋ ಇದೆ. ಅಸಲಿ ಸ್ಟಡ್ ಇವನ ಡಬ್ಬಿಗೆ, ನಕಲಿ ನನ್ನ ಚಕ್ರಕ್ಕೆ! ನವನೀತನ್ ಒಂದೊಂದು ಸ್ಟಡ್ಡಿಗೂ ಹೆಂಡತಿ ನಿತ್ಯಾಳ ಕೆಂಪು ನೇಲ್ ಪಾಲಿಶ್ ಬಳಿದು ಗುರುತು ಮಾಡಿದ. ಹೊಸ ಟಾರ್ಕ್ ವ್ರೆಂಚನ್ನು ಬೀರುವಿನಲ್ಲಿಟ್ಟು ಬೀಗ ಜಡಿದ.

"ಏನುಂಗ," ನಿತ್ಯಾ ಗಂಡನನ್ನು ಕರೆದಳು, "ನನ್ನ ಒಡವೆ ಹೊರಗಿದೆ, ನಿಮ್ಮ ಸ್ಪ್ಯಾನರ್ ಒಳಗಿದೆ!"

"ಒಡವೆ ಮೇಲೆ ಧನಪಾಲನಿಗೆ ಕಣ್ಣಿಲ್ಲ!"

ಶುಕ್ರವಾರ ಹಳೆಯವನ್ನು ಬಡಿದು ಹೊರಹಾಕಿದ. ಹೊಸದಕ್ಕೆ ವಾಷರ್ ಪೇರಿಸಿ, ನಟ್ಟು ತಿರುಗಿಸಿ ತಿರುಗಿಸಿ ಒಂದೊಂದನ್ನೇ ಎಳೆದು ಕೂರಿಸಿದ. ಹದಿನೈದಾಯಿತು. ಹದಿನಾರನೆಯದು? ಇಲ್ಲ!

"ಧನಪಾಲನದೇ ಕೆಲಸ! ಅವತ್ತು ಅವನು ತೂಗಿ ನೋಡಿದ್ದು ಸುಮ್ಮನೆಯಾ?"

"ಒಂದೇ ಒಂದು ಸ್ಟಡ್ ಇಟ್ಕೊಂಡು ಆತ ಏನು ಮಾಡ್ತಾನೆ?" ಎಂದಳು ನಿತ್ಯಾ.

"ನನ್ನ ಅನುಮಾನವೂ ಅದೇ! ಏನು ಮಾಡ್ತಾನೆ?"

ತಾಯಿ ಜಾನಕಿಯಮ್ಮನ ಕಿವಿಗೆ ಬಿದ್ದದ್ದು ಕಳ್ಳತನವೆಂಬ ಮಾತೊಂದೇ. ಶನಿವಾರ ಮೊದಲ ಬಸ್ಸಿಗೇ ಆನೈಮಲೈಯ ಮಾಸಾಣಿಯಮ್ಮನ ಗುಡಿಗೆ ಹೊರಟರು. ಮಧ್ಯಾಹ್ನ ಫೋನ್ ಬಂತು:

"ಮಾಸಾಣಿಯಮ್ಮನ ನ್ಯಾಯದ ಕಲ್ಲಿಗೆ ಮೆಣಸಿನಕಾಯಿ ಅರೆದು ಹಚ್ಚಿಬಿಟ್ಟೆ ಕಂದಾ. ಇನ್ನು ಎತ್ತಿಕೊಂಡವರಿಗೆ ಮೈಯೆಲ್ಲ ಉರಿ!"

ಆಗಲೇ ಒಳಗಿನಿಂದ ನಿತ್ಯಾ ಕೂಗಿದಳು. ಅತ್ತೆಯ ಮಗ್ಗದ ಹಿಂದೆ, ಅಂಚಿನ ನೂಲು ಸಡಿಲವಾಗದಂತೆ ತೂಗುಬಿಟ್ಟ ಕಬ್ಬಿಣದ ತುಂಡುಗಳ ನಡುವೆ, ಕೆಂಪು ನೇಲ್ ಪಾಲಿಶ್ ಮಿನುಗುತ್ತಿತ್ತು!

"ಎತ್ತಿಕೊಂಡವರು ಸಿಕ್ಕಿದ್ರುಂಗ. ಮೆಣಸಿನಕಾಯಿ ಅರೆದವರೇ!"

ಸಂಜೆ ಬಂದ ಜಾನಕಿಯಮ್ಮ ನಿತ್ಯಾಳಿಂದ ಎಲ್ಲ ಕೇಳಿಯೂ ಒಂದಿಷ್ಟೂ ಅಳುಕಲಿಲ್ಲ. "ನೀ ಬಡಿದು ಬಿಸಾಕಿದ ಗುಜರಿ ಅಂದ್ಕೊಂಡೆ. ಅಂಚಿಗೆ ತೂಕ ಬೇಕಿತ್ತು."

"ಅಮ್ಮಾ, ಹಾಗಾದ್ರೆ ಆ ಉರಿ ನಿನಗೇ..."

"ನನಗ್ಯಾಕೆ? ದೇವರಿಗೆ ಕಣ್ಣಿಲ್ಲವಾ? ಪಾಪದ ಧನಪಾಲನ ಮೇಲೆ ಸುಳ್ಳು ಹೊರಿಸಿದ್ದು ಯಾರು?"

ನವನೀತನಿಗೆ ಕಿವಿಯ ಹಿಂದೆ ಸಣ್ಣಗೆ ಉರಿ ಶುರುವಾಯಿತು.

"ನಾಳೆ ನೀನೇ ಮಾಸಾಣಿಯಮ್ಮನ ಗುಡಿಗೆ ಬಂದು ತಪ್ಪಾಯ್ತು ಅನ್ನು. ಧನಪಾಲನನ್ನೂ ಕರಿ."

"ನಾಳೆ ರೇಸ್ ಅಮ್ಮಾ!"

"ರೇಸ್ ಬೇಕಾ, ಉರಿ ಬೇಕಾ?"

ಉರಿ ಈಗ ಕುತ್ತಿಗೆಗೆ ಇಳಿದಿತ್ತು. ಕರೆದೊಡನೆ ಧನಪಾಲ್ ಬಂದು ಹದಿನಾರನೆಯದನ್ನು ಐದೇ ನಿಮಿಷದಲ್ಲಿ ಕೂರಿಸಿದ. "ಬಿಗಿ ನೋಡೋಕೆ ಟಾರ್ಕ್ ವ್ರೆಂಚ್ ಇದೆಯಾ ಅಣ್ಣಾ?" ಎಂದ. ನವನೀತನ್ ಬೀರುವಿನ ಕೀಲಿಯನ್ನೇ ಅವನ ಕೈಗಿಟ್ಟ.

ಭಾನುವಾರ, ಟ್ರ್ಯಾಕಿನಲ್ಲಿ ಓಟ ಶುರುಮಾಡುವ ಹಸಿರು ಬಾವುಟ ಬೀಳುವ ಹೊತ್ತಿಗೆ, ಹದಿನಾರು ರೇಸಿಂಗ್ ಸ್ಟಡ್‌ಗಳ ಆ ಮಹಾರಥ ಆನೈಮಲೈ ರಸ್ತೆಯಲ್ಲಿ ತೆಂಗಿನಕಾಯಿ ಲಾರಿಯೊಂದರ ಹಿಂದೆ ತೆವಳುತ್ತಿತ್ತು. ಹಿಂದಿನ ಸೀಟಿನಲ್ಲಿ ನಿತ್ಯಾ, ಧನಪಾಲ್. ಲಾರಿಯನ್ನು ದಾಟೋಣವೆಂದು ನವನೀತನ್ ಆಕ್ಸಿಲರೇಟರನ್ನು ಒಂದಿಷ್ಟು ಒತ್ತಿದ.

ಪಕ್ಕದಲ್ಲಿದ್ದ ಜಾನಕಿಯಮ್ಮ ಅವನ ತೋಳು ಹಿಡಿದರು.

"ಮೆಲ್ಲಗೆ ಓಡ್ಸು ಕಂದಾ. ಇದೇನು ರೇಸಾ?"