ಒಲೆಯ ಕರೆಂಟು, ಅತ್ತೆಯ ಫ್ಯಾನು

ನಮ್ಮ ಸೋದರಮಾವನಿಗೆ ಬೇಸಿಗೆ ಎಂದರೆ ಪಂಚಪ್ರಾಣ. ನಂಬುವುದಿಲ್ಲವೇ? ಏಪ್ರಿಲ್ ತಿಂಗಳ ಮಧ್ಯಾಹ್ನ ಮಸ್ಕಿಯಲ್ಲಿ ಬಸ್ಸಿಳಿದು ನೋಡಿ! ಕಾಗೆಗಳು ಕೂಡ ಕೂಗುವ ಕೆಲಸವನ್ನು ಸಂಜೆಗೆ ಮುಂದೂಡಿ ಬೇವಿನ ನೆರಳು ಹಿಡಿದಿರುತ್ತವೆ. ಆ ಹೊತ್ತಿನಲ್ಲಿ ತಲೆಗೆ ಟವೆಲ್ಲು ಸುತ್ತಿಕೊಂಡು, ಬಿಸಿಲಿಗೆ ನಿಂತ ಮೋಟರ್‌ಸೈಕಲ್ಲುಗಳ ಸೀಟನ್ನು ಒಂದೊಂದಾಗಿ ಮುಟ್ಟಿ "ಆಹಾ!" ಎನ್ನುತ್ತ ಸಾಗುವ ಒಬ್ಬ ಮನುಷ್ಯ ಕಂಡರೆ, ಅವನೇ ನಮ್ಮ ಮಾವ. ಊರಿಗೆ ಬಂದವರು ಬಂಡೆಯ ಮೇಲಿನ ಹಳೆಯ ಶಾಸನ ನೋಡಲು ಹೋಗುತ್ತಾರೆ. ಇವನೂ ಅವರ ಬೆನ್ನು ಹತ್ತಿ ಹೋಗಿ, ಪಕ್ಕದ ಬಂಡೆ ಎಷ್ಟು ಕಾದಿದೆ ಎಂದು ಅಂಗೈ ಇಟ್ಟು ನೋಡಿ ಬರುತ್ತಾನೆ. ಶಾಸನದಲ್ಲಿ ಏನು ಬರೆದಿದೆ ಎಂದು ಅವರು ಕೇಳಿದರೆ ಇವನ ಉತ್ತರ: "ಅದನ್ನ ಬಿಡ್ರಿ. ಇಷ್ಟು ಕಾವು ಸುಮ್ಮನ ಹಾಳಾಗಿ ಹೊಂಟೈತಲ್ರಿ, ಇದರಾಗ ಒಂದು ಬಲ್ಬರ ಹತ್ತಬೇಕಿತ್ತು!"

ಮೊದಲು ಅವನದು ಮೈಕ್‌ಸೆಟ್ಟಿನ ದಂಧೆ. ಮಸ್ಕಿಯಿಂದ ಸಿಂಧನೂರಿನವರೆಗೆ ಅವನ ಹಾರ್ನು ಕೂಗದೆ ಮದುವೆಗಳು ಆಗುತ್ತಿರಲಿಲ್ಲ ಎಂಬುದು ಅವನ ಹೇಳಿಕೆ. ಡಿಜೆಗಳು ಬಂದ ಮೇಲೆ ಹಾರ್ನುಗಳು ಹಿತ್ತಲಿಗೆ ಹೋದವು. ಈಗ ಅವುಗಳಲ್ಲಿ ಕೋಳಿಗಳು ಮೊಟ್ಟೆ ಇಡುತ್ತವೆ. ಮೈಕು ಹೋದರೂ ಅಭ್ಯಾಸ ಹೋಗಿಲ್ಲ. ಏನಾದರೂ ಮುಖ್ಯವಾದ ಮಾತು ಹೇಳುವ ಮುನ್ನ ಗಾಳಿಗೆ "ಫೂ ಫೂ" ಎಂದು ಊದಿಯೇ ಶುರು ಮಾಡುತ್ತಾನೆ. ನನ್ನ ಮದುವೆಗೆ ಗಂಡಿನ ಕಡೆಯವರು ಒಪ್ಪಿದರು ಎಂದು ಹೇಳುವಾಗಲೂ ಊದಿದ್ದ!

ಆದರೆ ಅವನ ಕಾವಿನ ಹುಚ್ಚು ಕೇವಲ ಹುಚ್ಚಾಗಿ ಉಳಿಯದೆ ಹಟವಾದದ್ದು ನಮ್ಮ ಅತ್ತೆಯ ಕಾರಣಕ್ಕೆ. ಅತ್ತೆಯದು ಜೋಳದ ರೊಟ್ಟಿಯ ವ್ಯಾಪಾರ. ಲಿಂಗಸುಗೂರಿನ ಖಾನಾವಳಿಗಳಿಗೂ ಸಿಂಧನೂರಿನ ಮದುವೆ ಮನೆಗಳಿಗೂ ಅವಳ ರೊಟ್ಟಿಯೇ ಬೇಕು. ಹಂಚಿನ ಮೇಲೆ ಅವಳು ಹಾಕಿದ ರೊಟ್ಟಿ ಉಬ್ಬುವಾಗ ಅವಳ ಮುಖವೂ ಉಬ್ಬುತ್ತಿತ್ತು. ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ, ಕೈಯಲ್ಲಿ ರೊಟ್ಟಿ ಹಿಡಿದಂತೆಯೇ ಒಲೆಯ ಮುಂದೆ ಎಚ್ಚರ ತಪ್ಪಿ ಬಿದ್ದಳು. ಸ್ವಲ್ಪ ಈ ಕಡೆ ಬಿದ್ದಳು, ಬದುಕಿದಳು. ಆ ಕಡೆ ಬಿದ್ದಿದ್ದರೆ ಬೆಂಕಿಯಲ್ಲೇ ಬೀಳುತ್ತಿದ್ದಳು. ಸಿಂಧನೂರಿನ ಡಾಕ್ಟರರು ಪರೀಕ್ಷೆ ಮಾಡಿ, ಇನ್ನು ಮುಂದೆ ಒಲೆಯ ಮುಂದೆ ಕೂರುವಂತಿಲ್ಲ, ಇನ್ನೊಮ್ಮೆ ಬಿದ್ದರೆ ನನ್ನ ಕೈಯಲ್ಲಿ ಇಲ್ಲ ಎಂದರು.

"ಉಸುರಾಡೋದೂ ಬಿಡು ಅಂದ್ರೇನು ಅವ್ರು?" ಎಂದಳು ಅತ್ತೆ. ವಾರ ಕಳೆಯುವುದರೊಳಗೆ ಮತ್ತೆ ಒಲೆಯ ಮುಂದೆ ಹಾಜರು! ಗ್ಯಾಸು ತರಿಸಿಕೊಟ್ಟರೆ, "ಗ್ಯಾಸಿನ ರೊಟ್ಟಿಗೆ ಮಾರಿ ಕಳೀನ ಇರಂಗಿಲ್ಲ" ಎಂದಳು. ಫ್ಯಾನು ಹಾಕಿದರೆ ಉರಿ ಓರೆಯಾಗಿ ಹಂಚು ಅರ್ಧ ಕಾಯುತ್ತದೆ, ಬೂದಿ ಹಾರುತ್ತದೆ, ಬಡಿದ ರೊಟ್ಟಿಯ ಅಂಚು ಒಣಗಿ ಬಿರಿಯುತ್ತದೆ. ಹಾಗಾಗಿ ನಮ್ಮ ಕಡೆ ರೊಟ್ಟಿ ಬಡಿಯುವವರು ಫ್ಯಾನು ಆರಿಸಿಯೇ ಕೂರುವುದು. ಮಾವ ನಾಲ್ಕು ದಿಕ್ಕಿಗೂ ತಿರುಗಿ "ಫೂ ಫೂ" ಎಂದು ಊದಿ ಘೋಷಿಸಿದ: "ಯಾವ ಒಲಿ ಆಕಿನ್ನ ಕೆಡವೇತಿ, ಅದ ಒಲಿ ಆಕಿಗೆ ಗಾಳಿ ಹಾಕಬೇಕು! ಮಾರಿಗೆ ಮಾತ್ರ ಬಡಿಯುವಂಥ ಸಣ್ಣ ಫ್ಯಾನು. ಒಲಿ ಕಾವಿನ ಮ್ಯಾಲೇ ನಡೀಬೇಕು!"

ಸಣ್ಣ ಫ್ಯಾನೇ ಆದರೆ ಅದನ್ನು ಪ್ಲಗ್ಗಿಗೆ ಚುಚ್ಚಿದರಾಯಿತಲ್ಲ ಎಂದೆ. ನಾನು ಶತ್ರುಪಕ್ಷ ಸೇರಿದೆನೋ ಎಂಬಂತೆ ನನ್ನನ್ನು ನೋಡಿ, "ಮತ್ತ ಒಲಿಗೆ ಬುದ್ಧಿ ಕಲಸೋರು ಯಾರು?" ಎಂದ.

ನಾನು ಲಿಂಗಸುಗೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಒಂದು ದಿನ ಊಟದ ಬಿಡುವಿನಲ್ಲಿ ಮಾವ ಬಂದು, ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿ, "ಇದು ಖರೇನೋ ಸುಳ್ಳೋ ಹೇಳು" ಎಂದ. ಖರೆಯೇ ಆಗಿತ್ತು. ಕಬ್ಬಿಣ ಕಾದರೆ ಕೆಂಪಾಗುತ್ತದೆ, ಇನ್ನೂ ಕಾದರೆ ಬೆಳ್ಳಗಾಗುತ್ತದೆ, ಆ ಹೊಳಪೂ ಒಂದು ಬೆಳಕೇ. ಅದರ ಜೊತೆ ನಮ್ಮ ಕಣ್ಣಿಗೆ ಕಾಣದ ಬೆಳಕೂ ಬೇಕಾದಷ್ಟು ಬರುತ್ತದೆ. ಅದರ ಎದುರು ತಕ್ಕ ಪ್ಯಾನೆಲ್ ಹಿಡಿದರೆ, ಬಿಸಿಲಿನಿಂದ ಕರೆಂಟು ಬಂದಂತೆ ಕಾವಿನಿಂದಲೂ ಬರುತ್ತದೆ. ಇದಕ್ಕೆ ಥರ್ಮೋಫೋಟೋವೋಲ್ಟಾಯಿಕ್ ಎನ್ನುತ್ತಾರೆ ಎಂದೆ.

"ಥರ್ಮೋ... ಫೋಟೋ... ಹೆಸರು ಹೇಳೋದ್ರಾಗ ಒಂದು ಹೊರಿ ಕಟಿಗಿ ಸುಟ್ಟು ಹೋಗ್ತಾವಲ್ಲ ಬೇ!"

ಮಾಳಿಗೆಯ ಮೇಲೆ ಹಾಕುವ ಸೋಲಾರ್ ಪ್ಯಾನೆಲ್ ಇದಕ್ಕೆ ಅಷ್ಟಾಗಿ ಒಗ್ಗುವುದಿಲ್ಲ, ಬೇರೆಯದೇ ಬೇಕು, ಅದು ಪ್ರಯೋಗಶಾಲೆಗಳಲ್ಲಿ ಸಿಗುತ್ತದೆ, ಒಲೆಯ ಕಾವು ಕೂಡ ಸಾಲುವುದಿಲ್ಲ ಎಂದು ನಾನು ವಿವರಿಸುತ್ತಲೇ ಇದ್ದೆ. ಅವನು ಆಗಲೇ ಮಸ್ಕಿಯ ಬಸ್ಸು ಹತ್ತಿಯಾಗಿತ್ತು.

ಮೊದಲ ಬಲಿ ಮನೆಯ ಸೋಲಾರ್ ಲ್ಯಾಂಪಿನ ಪ್ಯಾನೆಲ್. ಅದನ್ನು ಒಲೆಯ ಬಾಯಿಗೆ ಎಷ್ಟು ಹತ್ತಿರ ಇಡಬೇಕು ಎಂಬುದು ವಿಡಿಯೋದಲ್ಲಿ ಹೇಳಿರಲಿಲ್ಲವಂತೆ. ಹತ್ತಿರವಿದ್ದಷ್ಟು ಒಳ್ಳೆಯದೆಂದು ಇವನೇ ತೀರ್ಮಾನಿಸಿ ಇಟ್ಟ. ಅದರ ಪ್ಲಾಸ್ಟಿಕ್ ಚೌಕಟ್ಟು ಬೆಲ್ಲದ ಪಾಕದಂತೆ ಕರಗಿ ಕಟ್ಟೆಯ ಮೇಲಿಳಿಯಿತು. ಆ ದಿನದ ರೊಟ್ಟಿ ಜವಳಗೇರಾದ ಒಂದು ಮದುವೆಗೆ ಹೋಗಬೇಕಿತ್ತು, ಹೋಯಿತು. ಸಂಜೆ ಬೀಗರ ಕಡೆಯಿಂದ ಫೋನು ಬಂತು: "ರೊಟ್ಟಿ ಮೆತ್ತಗ ಅದಾವ್ರಿ ಅಕ್ಕಾರ, ಆದರ ಹೊಸಾ ಬಕೀಟಿನ ವಾಸನಿ ಯಾಕ ಹೊಡ್ಯಾಕತ್ತಾವ?"

ಎರಡನೆಯ ಅಧ್ಯಾಯ ಸಿಂಧನೂರಿನಲ್ಲಿ. ಅಲ್ಲಿ ಭತ್ತ ಬೇಯಿಸುವ ರೈಸ್ ಮಿಲ್ಲುಗಳ ಬಾಯ್ಲರು ಹೊಟ್ಟು ತಿಂದು ಉರಿಯುವುದನ್ನು ನೀವು ನೋಡಿರಬಹುದು. ಒಲೆ ಸಣ್ಣದಾಯಿತು, ದೊಡ್ಡ ಬೆಂಕಿಯ ಮುಂದೆ ಪರೀಕ್ಷೆ ಮಾಡಬೇಕು ಎಂದು ಮಾವ ಒಂದು ಹಳೆಯ ಪ್ಯಾನೆಲ್ ಕಂಕುಳಲ್ಲಿ ಇರುಕಿಕೊಂಡು ಪರಿಚಯದ ಮಿಲ್ಲಿಗೆ ಹೋದ. ಹೊಟ್ಟು ತುಂಬುವ ಆಳು ಬಾಗಿಲು ತೆರೆದದ್ದೇ ತಡ, ಇವನು ಮೈಕಿನ ಮುಂದೆ ನಿಲ್ಲುವಂತೆ ನಿಂತು ಅಭ್ಯಾಸಬಲದಿಂದ "ಫೂ" ಎಂದ. ಹೊಟ್ಟಿನ ಬೆಂಕಿಗೆ ಯಾರಾದರೂ ಊದುತ್ತಾರೆಯೇ? ಅದು ತಿರುಗಿ ಇವನಿಗೇ ಊದಿತು!

ಮನೆಗೆ ಬಂದವನ ಮುಖ ನೋಡಿ ಅತ್ತೆ ಕೇಳಿದಳು, "ಹುಬ್ಬು ಎಲ್ಲಿ ಇಟ್ಟು ಬಂದ್ರಿ?"

"ವಿಜ್ಞಾನಕ್ಕ ಕೊಟ್ಟು ಬಂದೀನಿ."

"ಮೀಸಿ ಒಂದು ಉಳದಾವ ನೋಡ್ರಿ, ಅವನ್ನ ಮದವಿ ಇದ್ದಾಗ ಕೊಡ್ರಿ, ಫೋಟೋದಾಗರ ಬರ್ತಾವ!"

ಇಲ್ಲಿಯವರೆಗೆ ಎಲ್ಲ ನಗುವ ಸಂಗತಿಗಳೇ. ಆಮೇಲೆ ನಡೆದದ್ದಕ್ಕೆ ಯಾರೂ ನಗಲಿಲ್ಲ. ಕಪ್ಪಗಿರುವ ವಸ್ತು ಕಾದಾಗ ಚೆನ್ನಾಗಿ ಬೆಳಗುತ್ತದೆ ಎಂದು ಯಾವಾಗಲೋ ಮಾತಿನ ನಡುವೆ ಅವನಿಗೆ ಹೇಳಿದ್ದೆ. ಮಸ್ಕಿಯಲ್ಲಿ ಅತ್ಯಂತ ಕಪ್ಪಗಿರುವ ವಸ್ತು ಯಾವುದು? ಅತ್ತೆಯ ಹಂಚು! ಬೀಡಿನ, ಎಂದರೆ ಎರಕದ ಕಬ್ಬಿಣದ ಹಂಚು, ಅವಳ ಅತ್ತೆಯ ಕಾಲದ್ದು. ಅತ್ತೆ ತುರ್ವಿಹಾಳಕ್ಕೆ ತೊಟ್ಟಿಲ ಕಾರ್ಯಕ್ರಮಕ್ಕೆ ಹೋದ ದಿನ ನೋಡಿ, ಮಾವ ಅದನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಗೆಳೆಯ ಖಾಸಿಂಸಾಬನ ಕುಲುಮೆಗೆ ಒಯ್ದ. ಹಂಚು ಮೊದಲು ಕೆಂಪಾಯಿತು, ಆಮೇಲೆ ಕಿತ್ತಳೆ ಬಣ್ಣಕ್ಕೆ ತಿರುಗಿತು. ಪ್ಯಾನೆಲ್ಲಿಗೆ ಕಟ್ಟಿದ ಮೀಟರಿನ ಮುಳ್ಳು ಅಲುಗಿತು. ನಿಜವಾಗಿಯೂ ಅಲುಗಿತು! ಸಂತೋಷದಲ್ಲಿ ಮಾವನ ಕೈ ತನ್ನಷ್ಟಕ್ಕೇ ಪಕ್ಕದ ಬಕೆಟ್ಟಿಗೆ ಹೋಯಿತು. ನಮ್ಮ ಕಡೆ ಹುಟ್ಟಿದವರಿಗೆ ಕಾದ ಹಂಚು ಕಂಡರೆ ಕೈ ಸುಮ್ಮನಿರುವುದಿಲ್ಲ. ರೊಟ್ಟಿ ಹಾಕುವ ಮುನ್ನ ನಾಲ್ಕು ಹನಿ ನೀರು ಚಿಮುಕಿಸಿ ಚುಂಯ್ ಎನ್ನುತ್ತದೋ ಇಲ್ಲವೋ ನೋಡಲೇಬೇಕು. ಇವನೂ ಚಿಮುಕಿಸಿದ.

"ಅರೆ ಮಾಮು, ಠೈರೋ!" ಎಂದು ಖಾಸಿಂಸಾಬ ಕೂಗುವುದರೊಳಗೆ ಟಣ್ ಎಂದಿತು. ಹಂಚು ಎರಡು ಹೋಳು.

ಅತ್ತೆ ಬಂದು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎರಡೂ ಹೋಳುಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ಒಂದಕ್ಕೊಂದು ಕೂಡಿಸಿ ನೋಡಿದಳು. "ಹೊಸದಾಗಿ ಬಂದಾಗ ನನಗ ರೊಟ್ಟಿ ಬಡಿಯಾಕ ಬರ್ತಿದ್ದಿಲ್ಲ. ಈ ಹಂಚಿನ ಮ್ಯಾಲೆ ಕಲತೀನಿ" ಎಂದಷ್ಟೇ ಹೇಳಿ ಒಳಗೆ ಹೋದಳು. ಆಮೇಲೆ ಎಷ್ಟೋ ದಿನ ಆ ಮನೆಯಲ್ಲಿ "ಫೂ ಫೂ" ಕೇಳಿಸಲಿಲ್ಲ.

ಹೊಸ ಹಂಚು ಬಂತು. ಹೊಸ ಹಂಚಿಗೆ ರೊಟ್ಟಿ ಅಂಟುತ್ತದೆ. ಎಣ್ಣೆ ಸವರಿ, ಉಳ್ಳಾಗಡ್ಡಿ ಉಜ್ಜಿ, ಬುಟ್ಟಿಗಟ್ಟಲೆ ರೊಟ್ಟಿ ಹಾಳು ಮಾಡಿದ ಮೇಲೆಯೇ ಅದು ಪಳಗುವುದು. "ಒಡದಾಂವ ನಾನು, ಪಳಗಸಾಂವನೂ ನಾನ" ಎಂದು ಮಾವ ಒಲೆಯ ಮುಂದೆ ಕುಳಿತುಬಿಟ್ಟ. ಅತ್ತೆ ಸಿಟ್ಟಿನಲ್ಲಿದ್ದಳು, ಸುಟ್ಟುಕೊಳ್ಳಲಿ ಎಂದು ಬಿಟ್ಟಳು. ಹಿಟ್ಟು ನಾದುವ ಮರದ ಪರಾತ, ಅದೇ ಕೊಣಮಿಗೆಯನ್ನು ದೂರ, ಬೇವಿನ ನೆರಳು ಬೀಳುವ ಬಾಗಿಲ ಹತ್ತಿರ ಎಳೆದುಕೊಂಡು ಅಲ್ಲಿ ಹಿಟ್ಟು ನಾದಿ ರೊಟ್ಟಿ ಬಡಿಯತೊಡಗಿದಳು. ಮಾವ ಎದ್ದು ಬಂದು ರೊಟ್ಟಿಯನ್ನು ಅಂಗೈ ಮೇಲೆ ಹಾಕಿಕೊಂಡು ಹೋಗಿ ಸುಡಬೇಕು. ಹೋಗುವ ದಾರಿಯಲ್ಲೇ ಅರ್ಧ ರೊಟ್ಟಿ ಹರಿಯುತ್ತಿತ್ತು. ಓಣಿಯ ನಾಯಿಗಳು ಆ ತಿಂಗಳು ತುಂಬ ದಪ್ಪಗಾದವು.

ಹಂಚು ಪಳಗಿತು, ಮಾವನ ಕೈಯೂ ಪಳಗಿತು. ಆಗ ಅತ್ತೆ, "ಏಳ್ರಿ ಇನ್ನ, ಗಂಡಸು ಒಲಿ ಮುಂದ ಕುಂತ್ರ ಮಂದಿ ನನಗೇನಂದಾರು?" ಎಂದಳು.

"ಏಳಾಕ ಹೆಂಗ ಬರ್ತೈತಿ? ಪ್ಯಾನೆಲ್ ಯಾರು ಕಾಯಬೇಕು?"

ಅಷ್ಟರಲ್ಲಿ ಅವನು ಒಲೆಯ ಹೊಟ್ಟೆಯಲ್ಲಿ ಖಾಸಿಂಸಾಬ ಕೊಟ್ಟ ಕಪ್ಪು ಕಬ್ಬಿಣದ ತಗಡು ಕೂಡಿಸಿದ್ದ. ಅದರ ಮುಂದೆ ಗಾಜು, ಗಾಜಿನ ಆಚೆ ಪ್ಯಾನೆಲ್ಲಿನ ತುಂಡುಗಳು, ಅವು ಕಾಯದಂತೆ ಬೆನ್ನಿಗೆ ಹಸಿ ಗೋಣಿ. ಉರಿ ಏರಿಸಲು ಕೈಯಿಂದ ತಿರುವುವ ಊದುಗಾಲಿ. ಟೇಪ್ ರೆಕಾರ್ಡರಿನ ಮೋಟರಿಗೆ ಡಬ್ಬಿಯ ಮುಚ್ಚಳ ಕತ್ತರಿಸಿ ಮಾಡಿದ ಫ್ಯಾನು. ಉದ್ಘಾಟನೆಗೆ ನನ್ನನ್ನು ಲಿಂಗಸುಗೂರಿನಿಂದ ಕರೆಸಿದ. ಊದುಗಾಲಿ ತಿರುವಿದ, ತಿರುವಿದ, ಬೆವರಿನಿಂದ ಅಂಗಿ ಮೈಗಂಟಿತು. ತಗಡು ಕೆಂಪಾಗಿ ಕಿತ್ತಳೆಯಾಯಿತು. ಫ್ಯಾನು ಒಮ್ಮೆ ನಡುಗಿ, ಮೆಲ್ಲಗೆ ತಿರುಗಿತು! ನಾನು ಚಪ್ಪಾಳೆ ತಟ್ಟಿದೆ. ಖಾಸಿಂಸಾಬ ಮಾವನನ್ನು ಅಪ್ಪಿಕೊಂಡ. ಅತ್ತೆ ಫ್ಯಾನಿನ ಮುಂದೆ ಮುಖ ಒಡ್ಡಿ, ಸ್ವಲ್ಪ ಹೊತ್ತು ಕಾದು ನೋಡಿ ತೀರ್ಪು ಕೊಟ್ಟಳು: "ಇಷ್ಟೊತ್ತು ಆ ಕೈಲೆ ಬೀಸಣಿಕಿ ಬೀಸಿದ್ರ ಇಡೀ ಮಸ್ಕಿ ತಂಪಾಗ್ತಿತ್ತಲ್ರಿ!"

ಮೊನ್ನೆ ಮತ್ತೆ ಹೋಗಿದ್ದೆ. ಒಂದು ದೊಡ್ಡ ಮದುವೆಯ ಆರ್ಡರಿತ್ತು. ಬಾಗಿಲ ಹತ್ತಿರ ಅತ್ತೆ ಬಡಿಯುತ್ತಿದ್ದಳು, ಒಲೆಯ ಮುಂದೆ ಮಾವ ಒಂದು ಕೈಯಲ್ಲಿ ಊದುಗಾಲಿ ತಿರುವುತ್ತ ಸುಡುತ್ತಿದ್ದ. ಅತ್ತೆಯ ಮುಖದಲ್ಲಿ ಹಳೆಯ ಕಳೆ ಬಂದಿತ್ತು. ಈ ಬೇಸಿಗೆಯಲ್ಲಿ ಅವಳಿಗೆ ಒಮ್ಮೆಯೂ ತಲೆ ಸುತ್ತಿಲ್ಲವಂತೆ. ಅವಳು ನೀರು ತರಲು ಹಿತ್ತಲಿಗೆ ಹೋದಾಗ ನಾನು ಮೇಷ್ಟರಗಿತ್ತಿಯ ಬುದ್ಧಿ ತೋರಿಸಿದೆ. ಮಾವನಿಗೆ, ಈ ಪ್ಯಾನೆಲ್ಲಿನಿಂದ ಎಷ್ಟು ಊದಿದರೂ ಇಷ್ಟೇ ಗಾಳಿ, ತಕ್ಕ ಪ್ಯಾನೆಲ್ ಸಿಗದೆ ಇದು ಆಗುವ ಕೆಲಸವಲ್ಲ ಎಂದೆ.

ಅವನು ರೊಟ್ಟಿ ತಿರುವಿ ಹಾಕಿ, ಹಸಿ ಬಟ್ಟೆಯಿಂದ ಒತ್ತಿ ಉಬ್ಬಿಸಿದ. ಊದದೆಯೇ ಮಾತಾಡಿದ.

"ನನಗ ಗೊತ್ತಾಗೇತಿ ಬೇ. ಮೊದಲ ಖರೇನ ಫ್ಯಾನು ಮಾಡಾಕ ಹೊಂಟಿದ್ದೆ. ಈಗ ಆಕಿ ಅಲ್ಲಿ ನೆಳ್ಳಾಗ ಕುಂತಾಳ ನೋಡು, ಅಷ್ಟ ಸಾಕು. ನಾ ಸುಮ್ಮನ ಒಲಿ ಮುಂದ ಕುಂಡ್ರತೀನಿ ಅಂದ್ರ ಆಕಿ ಬಿಟ್ಟಾಳೇನು? ಪ್ಯಾನೆಲ್ ಐತಿ ಅಂತ ಬಿಟ್ಟಾಳ. ನೀ ಸುಮ್ಮನಿರು."

ಅಷ್ಟರಲ್ಲಿ ಅತ್ತೆ ಕೊಡ ಇಳಿಸಿ ಬಂದು ಕುಳಿತಳು. ಉದ್ದ ವೈರಿನ ತುದಿಯಲ್ಲಿ ಅವಳ ಪಕ್ಕದಲ್ಲೇ ಫ್ಯಾನು ಮೆಲ್ಲಗೆ ತಿರುಗುತ್ತಿತ್ತು. ಮಾವನ ಮುಖ ಕೆಂಡವಾಗಿತ್ತು. ಇನ್ನೂ ಸರಿಯಾಗಿ ಬೆಳೆಯದ ಹುಬ್ಬಿನಿಂದ ಬೆವರು ತಡೆಯಿಲ್ಲದೆ ಕಣ್ಣಿಗೆ ಇಳಿಯುತ್ತಿತ್ತು. ಅತ್ತೆ ಒಮ್ಮೆ ಆ ಕಡೆ ನೋಡಿದಳು. ಎದ್ದು, ಹಿಟ್ಟಿನ ಕೈಯಲ್ಲೇ ಫ್ಯಾನು ಎತ್ತಿಕೊಂಡು ಹೋಗಿ, ಅವನ ಮುಖಕ್ಕೆ ತಾಗುವಂತೆ ಇಟ್ಟು ಬಂದಳು.

"ಯಾಕ? ನಿನಗ ಮಾಡಿದ್ದದು!" ಎಂದ ಮಾವ.

"ನನಗ ಬ್ಯಾಡ್ರಿ. ಹಿಟ್ಟು ಹಾರ್ತೈತಿ" ಎಂದು ಅತ್ತೆ ತಲೆಯೆತ್ತದೆ ರೊಟ್ಟಿ ಬಡಿಯತೊಡಗಿದಳು.

ಆ ಫ್ಯಾನಿನಿಂದ ಅವಳ ಕೊಣಮಿಗೆಯ ಅಂಚಿನಲ್ಲಿದ್ದ ಹಿಟ್ಟಿನ ಒಂದು ಕಣವೂ ಎಂದೂ ಅಲುಗಿರಲಿಲ್ಲ.