ತಾಳಕ್ಕೆ ಕೂರದ ಫ್ರೆಂಚ್ ಕ್ರಿಯಾಪದಗಳು

ನೆನಪಿನ ಶಕ್ತಿ ತಲೆಯಲ್ಲಿರುತ್ತದೆ ಎಂದು ತಿಳಿದವರು ಹೇಳುತ್ತಾರೆ. ನನ್ನ ಮಟ್ಟಿಗೆ ಅದು ಗಂಟಲಿನಲ್ಲಿದೆ. ಧಾರವಾಡದಲ್ಲಿ ನನ್ನ ತಂದೆ ನನ್ನನ್ನು ಎದುರಿಗೆ ಕೂರಿಸಿಕೊಂಡು ಸಂಸ್ಕೃತದ ಶಬ್ದರೂಪಗಳನ್ನೂ ಮಗ್ಗಿಗಳನ್ನೂ ಬಾಯಿಪಾಠ ಮಾಡಿಸಿದರು. ಅರ್ಥ ಕೇಳುವ ಅಧಿಕಾರ ನನಗಿರಲಿಲ್ಲ, ಹೇಳುವ ಉತ್ಸಾಹ ಅವರಿಗಿರಲಿಲ್ಲ. ಹಾಗೆ ಗಂಟಲಿಗಿಳಿದದ್ದು ಇಂದಿಗೂ ಹೊರಗೆ ಬರುತ್ತದೆ. ಆದರೆ ಮೊದಲಿನಿಂದ ಶುರು ಮಾಡಬೇಕು. ಹದಿಮೂರು ಏಳಲೆ ಎಷ್ಟು ಎಂದು ಯಾರಾದರೂ ಥಟ್ಟನೆ ಕೇಳಿದರೆ ನಾನು ಹದಿಮೂರು ಒಂದಲೆಯಿಂದ ಹೊರಟು, ನಡುವಿನ ಎಲ್ಲ ಸ್ಟೇಷನ್ನುಗಳಲ್ಲೂ ನಿಂತು, ಏಳಕ್ಕೆ ತಲುಪುತ್ತೇನೆ. ಅಷ್ಟರಲ್ಲಿ ಕೇಳಿದವರು ಮೊಬೈಲಿನಲ್ಲಿ ಲೆಕ್ಕ ಮಾಡಿಕೊಂಡು ಹೋಗಿರುತ್ತಾರೆ. ಇಂಥ ಗಂಟಲನ್ನು ಇಟ್ಟುಕೊಂಡು, ನಿವೃತ್ತಿ ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದ ಮೇಲೆ, ನಾನು ಫ್ರೆಂಚ್ ಕ್ರಿಯಾಪದಗಳನ್ನು ಕಲಿಯಬೇಕಾಯಿತು.

ಕಾರಣ ಭಿವಂಡಿ. ದಾದರಿನಲ್ಲಿರುವ ನಮ್ಮ ಕಂಪನಿ ಔಷಧದ ಬಾಟಲಿಗಳಿಗೆ ಮುಚ್ಚಳ ಹಾಕುವ ಯಂತ್ರಗಳನ್ನು ಮಾರುತ್ತದೆ. ಕಳೆದ ವರ್ಷ ಅದನ್ನು ಫ್ರಾನ್ಸಿನ ಒಂದು ಕಂಪನಿ ಕೊಂಡುಕೊಂಡಿತು. ನಮ್ಮ ಮ್ಯಾನೇಜರು ಎಲ್ಲರನ್ನೂ ಕ್ಯಾಂಟೀನಿನಲ್ಲಿ ಸೇರಿಸಿ, ಇನ್ನು ಮುಂದೆ ವಾರಕ್ಕೆರಡು ಸಂಜೆ ಫ್ರೆಂಚ್ ಪಾಠ ನಡೆಯುವುದೆಂದೂ, ಕೊನೆಗೆ ಪರೀಕ್ಷೆ ಇರುವುದೆಂದೂ, ಪಾಸಾದವರು ದಾದರಿನಲ್ಲಿಯೇ ಉಳಿಯುವರೆಂದೂ, ಆಗದವರನ್ನು ಭಿವಂಡಿಯ ಗೋದಾಮಿಗೆ ಕಳಿಸಲಾಗುವುದೆಂದೂ ನಗುನಗುತ್ತಲೇ ತಿಳಿಸಿದರು.

ಭಿವಂಡಿಯ ಮೇಲೆ ನನಗೆ ದ್ವೇಷವಿಲ್ಲ. ಆದರೆ ನಾನಿರುವ ದಹಿಸರಿನಿಂದ ಅಲ್ಲಿಗೆ ಬಸ್ಸಿನಲ್ಲಿ ಹೋಗಬೇಕು, ಮತ್ತು ಬಸ್ಸಿನಲ್ಲಿ ನಮ್ಮ ಭಜನಾ ಮಂಡಳಿ ಇಲ್ಲ. ವಿರಾರಿನಿಂದ ಬರುವ ಬೆಳಗಿನ ಲೋಕಲ್ ರೈಲು ದಹಿಸರ್ ಮುಟ್ಟುವಷ್ಟರಲ್ಲಿ ಅದರೊಳಗೆ ಗಾಳಿ ಕೂಡ ಒಂಟಿಕಾಲಿನಲ್ಲಿ ನಿಂತಿರುತ್ತದೆ. ಹತ್ತುವವರನ್ನು ಒಳಗಿನವರು ಶತ್ರುಗಳಂತೆ ನೋಡುತ್ತಾರೆ. ಆದರೆ ನಮ್ಮ ಡಬ್ಬಿಯಲ್ಲಿ ಮಾತ್ರ ದಹಿಸರ್ ಬಂತೆಂದರೆ ‘ತಾಳದವರಿಗೆ ಜಾಗ ಬಿಡಿ’ ಎಂಬ ಕೂಗು ಏಳುತ್ತದೆ, ಒಂದು ಕೈ ಹೊರಗೆ ಬಂದು ನನ್ನನ್ನು ಒಳಗೆ ಎಳೆದುಕೊಳ್ಳುತ್ತದೆ. ಆ ಕೈ ವಾಸಣ್ಣನದು. ಉಡುಪಿ ಕಡೆಯವರು, ಮಾಟುಂಗದ ಹೋಟೆಲೊಂದರಲ್ಲಿ ಗಲ್ಲೆಯ ಮೇಲೆ ಕೂರುವವರು, ನಮ್ಮ ಮಂಡಳಿಯ ಮುಖ್ಯ ಗಾಯಕರು. ಅವರು ಹಾಡುತ್ತಾರೆ, ನಾನು ತಾಳ ಹಾಕುತ್ತೇನೆ. ಈ ಮಹಾನಗರದಲ್ಲಿ ನಾನು ಬಂದೆನೆಂದು ಯಾರಾದರೂ ಜಾಗ ಬಿಡುವುದು ಆ ಡಬ್ಬಿಯಲ್ಲಿ ಮಾತ್ರ. ಮನೆಯಲ್ಲಿ ಸೋಫಾದ ಮೇಲೆ ಒಗೆದ ಬಟ್ಟೆಗಳಿರುತ್ತವೆ.

ಆದ್ದರಿಂದ ನಾನು ಫ್ರೆಂಚ್ ಕಲಿಯಲು ಶ್ರದ್ಧೆಯಿಂದ ಕುಳಿತೆ. ಪಾಠ ಹೇಳುವವರು ವಸಾಯಿಯ ಲೋಬೊ ಮೇಡಂ, ಬಹಳ ಸಹನೆಯವರು. ಆ ಭಾಷೆಯಲ್ಲಿ ಸಾವಿರಾರು ಕ್ರಿಯಾಪದಗಳು ನಿಯಮಕ್ಕೆ ತಲೆಬಾಗಿ ನಡೆಯುತ್ತವೆಯೆಂದೂ, ಇರುವುದು, ಹೋಗುವುದು, ಮಾಡುವುದು, ಬರುವುದು ಮುಂತಾದ ಕೆಲವು ಮಾತ್ರ ಯಾವ ನಿಯಮಕ್ಕೂ ಜಗ್ಗುವುದಿಲ್ಲವೆಂದೂ, ದುರದೃಷ್ಟಕ್ಕೆ ದಿನಬೆಳಗಾದರೆ ಬೇಕಾಗುವುದು ಅವೇ ಎಂದೂ ವಿವರಿಸಿದರು. ನನಗೆ ಆಶ್ಚರ್ಯವಾಗಲಿಲ್ಲ. ನಾನು ಆಫೀಸಿನಲ್ಲಿ ತಲೆ ನರೆಸಿಕೊಂಡವನು. ಹಾಜರಿ ಪುಸ್ತಕಕ್ಕೆ ಹೊತ್ತಿಗೆ ಸರಿಯಾಗಿ ಸಹಿ ಹಾಕುವವರು ಯಾರು, ಯಾರಿಲ್ಲದೆ ಕೆಲಸ ನಡೆಯುವುದಿಲ್ಲ ಎಂಬ ವ್ಯತ್ಯಾಸ ನನಗೆ ಗೊತ್ತಿದೆ.

ನನ್ನ ಪಕ್ಕದ ಮೇಜಿನ ಹಿರೇಮಠರು ವಿಜಯಪುರದವರು, ಅದೇ ಲೋಕಲಿನಲ್ಲಿ ಬೊರಿವಲಿಯಿಂದ ಹತ್ತುವವರು. ಅವರು ಪುಸ್ತಕವನ್ನೇ ತೆರೆಯಲಿಲ್ಲ. “ಮರಾಠಿ ಬರಾಕ ನನಗ ಅರ್ಧಾ ಆಯುಷ್ಯ ಹಿಡೀತ್ರಿ ಜೋಶಿ. ಇದು ಬರೂ ಹೊತ್ತಿಗೆ ಕಂಪನಿನ ಇರೂದಿಲ್ಲ” ಎಂದರು. ನಾನು ಅವರ ಬಗ್ಗೆ ಮನಸ್ಸಿನಲ್ಲಿಯೇ ಮರುಗಿದೆ. ಮರುಗುವುದರಲ್ಲಿ ಸ್ವಲ್ಪ ಸುಖವೂ ಇತ್ತು.

ಮನೆಯಲ್ಲಿ ಓದಲು ಹೊತ್ತಿಲ್ಲ. ಹೊತ್ತಿರುವುದು ಲೋಕಲಿನಲ್ಲಿ. ಆದರೆ ಅಲ್ಲಿ ಕೈಯಲ್ಲಿ ತಾಳ. ಹೀಗಾಗಿ ಕೈ ದೇವರಿಗೆ, ಬಾಯಿ ಫ್ರೆಂಚಿಗೆ ಎಂದು ಹಂಚಿಕೊಂಡೆ. ಝ ವೆ, ತು ವಾ, ಇಲ್ ವಾ, ನೂ ಜಾಲೋಂ, ವೂ ಜಾಲೆ, ಇಲ್ ವೋಂ. ನಾನು ಹೋಗುತ್ತೇನೆ, ನೀನು ಹೋಗುತ್ತೀ, ಕಡೆಗೆ ಅವರೆಲ್ಲರೂ ಹೋಗುತ್ತಾರೆ. ಕೆಲವು ದಿನ ಚೆನ್ನಾಗಿಯೇ ನಡೆಯಿತು. ಒಂದು ಬೆಳಿಗ್ಗೆ ಬಾಂದ್ರಾ ದಾಟುವಾಗ ವಾಸಣ್ಣ ಹಾಡು ನಿಲ್ಲಿಸಿಬಿಟ್ಟರು. ಅವರು ಹಾಡು ನಿಲ್ಲಿಸಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಮಳೆಗಾಲದಲ್ಲಿ ಹಳಿಯ ಮೇಲೆ ನೀರು ನಿಂತು ಗಾಡಿ ನಿಂತಾಗಲೂ ಅವರು ನಿಂತಿರಲಿಲ್ಲ.

“ಎಂಥ ಜೋಶಿಯವರೆ, ಗಾಡಿ ಇನ್ನೂ ಬಾಂದ್ರಾದಲ್ಲಿ ಉಂಟು, ನಿಮ್ಮ ತಾಳ ದಾದರಿನಲ್ಲಿ ಇಳಿದು ಆಯ್ತಲ್ಲ ಮಾರಾಯ್ರೆ.”

ವಿಷಯ ಸ್ಪಷ್ಟವಿತ್ತು. ನಮ್ಮ ಭಜನೆಗೆ ಎಂಟು ಮಾತ್ರೆಯ ತಾಳ. ಫ್ರೆಂಚ್ ಕ್ರಿಯಾಪದಕ್ಕೆ ಆರೇ ರೂಪ. ನನ್ನ ಕೈ ಬಾಯಿಯ ಮಾತು ಕೇಳಿ ಆರಕ್ಕೇ ಸುತ್ತು ಮುಗಿಸುತ್ತಿತ್ತು. ಮಂಡಳಿಯವರೆಲ್ಲ ನನ್ನನ್ನೇ ನೋಡಿದರು. ತಾಳ ತಪ್ಪಿಸುವವನಿಗೆ ದಹಿಸರಿನಲ್ಲಿ ಜಾಗ ಬಿಡುವುದು ಏಕೆಂಬ ಪ್ರಶ್ನೆ ಆ ನೋಟದಲ್ಲಿತ್ತು, ನ್ಯಾಯವಾಗಿಯೂ ಇತ್ತು. ನಾನು ಪರೀಕ್ಷೆಯ ವಿಷಯ, ಭಿವಂಡಿಯ ವಿಷಯ, ಎಲ್ಲವನ್ನೂ ಹೇಳಿಕೊಂಡೆ. ವಾಸಣ್ಣ ಮಾಹಿಮಿನವರೆಗೆ ಯೋಚಿಸಿದರು. ಆಮೇಲೆ, ಆರಕ್ಕೆ ಎರಡು ಸೇರಿಸಿದರೆ ಎಂಟಾಗುತ್ತದಲ್ಲ, ಆರು ಸಲ ಬಾಯಿ, ಎರಡು ಸಲ ತಾಳ ಎಂದು ತೀರ್ಪು ಕೊಟ್ಟರು. ಮರುದಿನದಿಂದ ಭಜನೆಯನ್ನು ಅಂಧೇರಿಗೇ ಮುಗಿಸಿ, ಉಳಿದ ದಾರಿಯನ್ನು ನನಗೆ ಬಿಟ್ಟುಕೊಟ್ಟರು. ನಾನು ಒಂದು ಕ್ರಿಯಾಪದ ಎತ್ತಿದರೆ ಇಡೀ ಮಂಡಳಿ ಅದನ್ನು ಎತ್ತಿಕೊಂಡು ಹಾಡುತ್ತಿತ್ತು, ಕೊನೆಗೆ ತಾಳ ಝಣ್ ಝಣ್. ಗಾಡಿಯ ಸದ್ದು, ಮೃದಂಗ, ಎಲ್ಲ ಸೇರಿ ಆ ನಿಯಮ ಮೀರಿದ ಕ್ರಿಯಾಪದಗಳು ಎಷ್ಟು ವಿಧೇಯವಾಗಿ ಕೂತವೆಂದರೆ, ಲೋಬೊ ಮೇಡಂ ಕೇಳಿದ್ದರೆ ಕಣ್ಣೀರು ಹಾಕುತ್ತಿದ್ದರು. ಯಾವ ಕಾರಣಕ್ಕೆ ಎಂದು ಹೇಳಲಾರೆ.

ಪರೀಕ್ಷೆಯ ದಿನ ಮೇಡಂ ಎದುರಿಗೆ ಒಬ್ಬೊಬ್ಬರೇ ಕೂರಬೇಕಿತ್ತು. ನಿಮ್ಮ ಸಹೋದ್ಯೋಗಿಗಳು ಮಧ್ಯಾಹ್ನ ಎಲ್ಲಿಗೆ ಹೋಗುತ್ತಾರೆ ಎಂದು ಅವರು ಫ್ರೆಂಚಿನಲ್ಲಿ ಕೇಳಿದರು. ನನಗೆ ಬೇಕಾದ ರೂಪ ಆರನೆಯದು. ನಾನು ಕಣ್ಣು ಮುಚ್ಚಿ ಒಂದನೆಯದರಿಂದ ಹೊರಟೆ. ನಾನು ಹೋದೆ, ನೀನು ಹೋದೆ, ಅವನೂ ಹೋದ, ನಾವೂ ನೀವೂ ಹೋದೆವು, ಅವರೂ ಹೋದರು. ಅಲ್ಲಿಗೆ ನನ್ನ ಎರಡೂ ಕೈಗಳು ತಾವಾಗಿ ಮೇಜಿನ ಮೇಲೆ ಎರಡು ಸಲ ಬಿದ್ದವು. ಮೇಡಂ ಅವರ ನೀರಿನ ಲೋಟ ಹಾರಿತು. ಆಮೇಲೆ ನಾನು ಗಂಭೀರವಾಗಿ “ಕ್ಯಾಂಟೀನ್” ಎಂದೆ. ಮೇಡಂ ಕರವಸ್ತ್ರದಿಂದ ಮೇಜು ಒರೆಸುತ್ತ, ಉತ್ತರ ಸರಿಯಾಗಿದೆ, ಆದರೆ ನೀವು ಇಡೀ ಖಾನ್‌ದಾನನ್ನು ಕರೆದುಕೊಂಡು ಕ್ಯಾಂಟೀನಿಗೆ ಹೋದಿರಿ ಎಂದು ಹಿಂದಿಯಲ್ಲಿ ಹೇಳಿದರು. ಹೀಗೆ ಒಂಬತ್ತು ಪ್ರಶ್ನೆಗಳು ಮುಗಿಯುವ ಹೊತ್ತಿಗೆ ಲೋಟ ಖಾಲಿಯಾಗಿತ್ತು. ನಾನು ಪಾಸಾದೆ. ಹಿರೇಮಠರು ಒಳಗೆ ಹೋಗಿ, ನಮಸ್ಕಾರ ಮಾಡಿ, ಮೇಡಂ ಅವರ ಆರೋಗ್ಯ ವಿಚಾರಿಸಿಕೊಂಡು ಹೊರಗೆ ಬಂದಿದ್ದರು. ಅವರು ಫೇಲಾದರು.

ಎರಡು ವಾರಕ್ಕೆ ಆರ್ಡರು ಬಂತು. ಫ್ರಾನ್ಸಿನಿಂದ ಬರುವ ಹೊಸ ಯಂತ್ರಗಳು ಭಿವಂಡಿಗೆ ಬಂದಿಳಿಯುವುದರಿಂದ, ಅವುಗಳ ಜೊತೆಗೆ ಒಬ್ಬ ಫ್ರೆಂಚ್ ಇಂಜಿನಿಯರೂ ಅಲ್ಲಿಗೇ ಬರುವುದರಿಂದ, ಫ್ರೆಂಚ್ ಪಾಸಾದವರು ಕೂಡಲೇ ಭಿವಂಡಿಗೆ ಹೋಗತಕ್ಕದ್ದು. ಫೇಲಾದವರು ಅಲ್ಲಿ ಉಪಯೋಗವಿಲ್ಲದ ಕಾರಣ ದಾದರಿನಲ್ಲಿಯೇ ಇರತಕ್ಕದ್ದು. ಮೊದಲು ಹೇಳಿದ್ದು ಹೀಗಿರಲಿಲ್ಲವಲ್ಲ ಎಂದು ಮ್ಯಾನೇಜರನ್ನು ಕೇಳಿದೆ. ಅವರು ನನ್ನ ಕೈ ಕುಲುಕಿ ಅಭಿನಂದಿಸಿದರು.

ಕೊನೆಯ ಬೆಳಿಗ್ಗೆ ವಾಸಣ್ಣ ಭಜನೆಯನ್ನು ಎಂದಿಗಿಂತ ತಗ್ಗಿದ ದನಿಯಲ್ಲಿ ಹಾಡಿದರು. ದಾದರಿನಲ್ಲಿ ಇಳಿದ ಮೇಲೆ, ಜನ ನಮ್ಮಿಬ್ಬರನ್ನೂ ತಳ್ಳಿಕೊಂಡು ಹೋಗುತ್ತಿರುವಾಗ, “ಛೆ, ನಾವೇ ಹಾಡಿ ಹಾಡಿ ನಿಮ್ಮನ್ನು ಭಿವಂಡಿಗೆ ಕಳಿಸಿದ ಹಾಗಾಯ್ತು” ಎಂದರು. ನಾನು ತಾಳಗಳನ್ನು ಅವರ ಕೈಗಿಟ್ಟೆ. ಈಗ ಅವನ್ನು ಹಿರೇಮಠರು ಹಾಕುತ್ತಾರೆ. ಅವರಿಗೆ ತಾಳಜ್ಞಾನವಿಲ್ಲ, ಆದರೆ ಆಯುಷ್ಯದಲ್ಲಿ ಯಾವುದಕ್ಕೆ ಪುಸ್ತಕ ತೆರೆಯಬಾರದೆಂಬ ಜ್ಞಾನವಿದೆ.

ಇಂಜಿನಿಯರು ಒಳ್ಳೆಯ ಹುಡುಗ. ಬಂದ ವಾರದೊಳಗೆ ಹಮಾಲರಿಂದ ‘ಚಲೇಗಾ’, ಅಂದರೆ ‘ನಡೆಯುತ್ತದೆ’, ಎಂಬ ಒಂದು ಮಾತು ಕಲಿತ. ಯಂತ್ರ ಸರಿ ಕೂತರೂ ಚಲೇಗಾ, ಓರೆಯಾದರೂ ಚಲೇಗಾ, ಊಟಕ್ಕೆ ಕರೆದರೂ ಚಲೇಗಾ. ಒಂದೇ ಕ್ರಿಯಾಪದ, ಒಂದೇ ರೂಪ, ಅದರಲ್ಲೇ ಇಡೀ ಗೋದಾಮು ನಡೆಯುತ್ತಿದೆ. ನನ್ನ ಫ್ರೆಂಚನ್ನು ಅವನು ಒಮ್ಮೆ ತಾಳ್ಮೆಯಿಂದ ಕೇಳಿದ. ನಾನು ‘ಅವರು’ ಎಂಬಲ್ಲಿಗೆ ಬರುವಷ್ಟರಲ್ಲಿ ಅವನಿಗೆ ಫೋನು ಬಂತು.

ಭಿವಂಡಿಗೆ ಹೋಗುವ ಘೋಡ್‌ಬಂದರ್ ರಸ್ತೆಯ ಬಸ್ಸಿನಲ್ಲಿ ನಾನು ಈಗಲೂ ಆ ಕ್ರಿಯಾಪದಗಳನ್ನು ಬಾಯಲ್ಲಿ ಹೇಳಿಕೊಳ್ಳುತ್ತಿರುತ್ತೇನೆ. ಗಂಟಲಿಗೆ ಇಳಿದದ್ದನ್ನು ಏನು ಮಾಡಲಿ. ಮೊನ್ನೆ ಪಕ್ಕದಲ್ಲಿದ್ದ ಹಿರಿಯರೊಬ್ಬರು ನನ್ನ ತುಟಿಯನ್ನೇ ಬಹಳ ಹೊತ್ತು ನೋಡಿ, ಎದ್ದು, ಕಿಟಕಿಯ ಸೀಟನ್ನು ನನಗೆ ಬಿಟ್ಟುಕೊಟ್ಟರು. ಯಾವ ಮಂತ್ರವೆಂದು ಮರಾಠಿಯಲ್ಲಿ ಮೆಲ್ಲಗೆ ಕೇಳಿದರು. ಕಿಟಕಿಯಿಂದ ಒಳ್ಳೆಯ ಗಾಳಿ ಬರುತ್ತಿತ್ತು. ಅದನ್ನು ಹೊರಗೆ ಹೇಳುವಂತಿಲ್ಲ, ಗುರುಗಳ ಅಪ್ಪಣೆಯಿಲ್ಲ ಎಂದು ಹೇಳಿ, ಮತ್ತೆ ಮೊದಲಿನಿಂದ ಶುರು ಮಾಡಿದೆ.